ಸೂಜಿ ಅವರಿಗೆ, ಸುದ್ದಿ ನನಗೂ ಬೇಕಿತ್ತು

ಮಾನ್ಯ ಸಂಪಾದಕರೆ,

ತೂಕ ಇಳಿಸುವ ಚುಚ್ಚುಮದ್ದಿನ ಬಗ್ಗೆ ಈಚೆಗೆ ಪತ್ರಿಕೆಗಳಲ್ಲಿ ಮೇಲಿಂದ ಮೇಲೆ ಸುದ್ದಿ ಬರುತ್ತಿದೆ. ಎಷ್ಟು ಕಿಲೋ ಇಳಿಯುತ್ತದೆ, ತಿಂಗಳಿಗೆ ಎಷ್ಟು ರೂಪಾಯಿ, ಯಾವ ಕಂಪನಿ ತರುತ್ತಿದೆ, ಎಲ್ಲ ಇರುತ್ತದೆ. ಆ ಸೂಜಿ ಹಾಕಿಕೊಂಡವರ ಮನೆಯಲ್ಲಿ ಅಡುಗೆ ಮಾಡುವವರ ಪಾಡು ಏನು ಅಂತ ಯಾರೂ ಬರೆದದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದವಾಗಬಹುದು. ಕತ್ತರಿ ಹಾಕುವುದಾದರೆ ಎಲ್ಲಿ ಬೇಕಾದರೂ ಹಾಕಿ, ಔಷಧಿ ಡಬ್ಬಿಯೊಳಗಿನ ಕಾಗದದ ವಿಷಯ ಬರೆದಿರುವ ಕಡೆ ಮಾತ್ರ ಹಾಕಬೇಡಿ.

ನಮ್ಮದು ಹನುಮಂತನಗರ. ಹದಿನೇಳು ವರ್ಷದಿಂದ ಮನೆಯಲ್ಲೇ ಹುಳಿಪುಡಿ, ಸಾರಿನ ಪುಡಿ, ಚಟ್ನಿಪುಡಿ ಮಾಡಿ ಸುತ್ತಮುತ್ತಲಿನ ನಾಲ್ಕು ಕಾಂಡಿಮೆಂಟ್ಸ್ ಅಂಗಡಿಗಳಿಗೆ ಕೊಡುತ್ತೇನೆ. ಬ್ಯಾಡಗಿ ಮೆಣಸಿನಕಾಯಿ ಹುರಿದ ದಿನ ಎದುರುಮನೆಯವರೂ ಸೀನುತ್ತಾರೆ. ಯಜಮಾನರು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಲೆಕ್ಕ ನೋಡಿಕೊಳ್ಳುತ್ತಾರೆ. ವಯಸ್ಸು 54, ಸಕ್ಕರೆ ಕಾಯಿಲೆ ಬಂದು ಒಂಬತ್ತು ವರ್ಷ, ಆಗ ತೂಕ 94 ಕಿಲೋ. ಕಳೆದ ಗಣೇಶನ ಹಬ್ಬ ಮುಗಿದ ಮೇಲೆ ಡಾಕ್ಟರು ವಾರಕ್ಕೊಂದು ಸೂಜಿ ಶುರುಮಾಡಿದರು. ಸೆಮಾಗ್ಲುಟೈಡ್, ಟಿರ್ಜೆಪಟೈಡ್ ಅಂತ ಎರಡು ಹೆಸರು ಈಗ ಎಲ್ಲರ ಬಾಯಲ್ಲೂ ಓಡಾಡುತ್ತಿವೆಯಲ್ಲ, ಅದರಲ್ಲಿ ಒಂದು. ಯಾವುದು ಅಂತ ಬರೆಯುವುದಿಲ್ಲ. ಕಂಪನಿಯ ಮೇಲೆ ದೂರು ಹೇಳೋದಕ್ಕೆ ನಾನು ಕೂತಿಲ್ಲ.

ಆ ದಿನ ಆಸ್ಪತ್ರೆಯಿಂದ ಬಂದವರು ನನಗೆ ಹೇಳಿದ್ದು ಇಷ್ಟೇ: ‘ವಾರಕ್ಕೊಂದು ಸಲ, ಸೊಳ್ಳೆ ಕಚ್ಚಿದ ಹಾಗೆ. ಅಷ್ಟೇ.’

ಮೊದಲ ತಿಂಗಳು ನಿಜವಾಗಿಯೂ ಅಷ್ಟೇ ಇತ್ತು. ಸ್ವಲ್ಪ ಹಸಿವು ಕಡಿಮೆ, ಅಷ್ಟು ಬಿಟ್ಟರೆ ಏನೂ ಇಲ್ಲ. ಈ ಔಷಧಿಯನ್ನು ಸಣ್ಣ ಪ್ರಮಾಣದಿಂದ ಶುರುಮಾಡಿ, ಕಡಿಮೆಯೆಂದರೆ ನಾಲ್ಕು ವಾರ ಬಿಟ್ಟು ಒಂದೊಂದೇ ಮೆಟ್ಟಿಲು ಏರಿಸುತ್ತಾರಂತೆ. ಎರಡನೇ ಮೆಟ್ಟಿಲು ಹತ್ತಿದ ವಾರ ನಮ್ಮ ಮನೆಗೆ ತೇಗು ಬಂತು.

ತೇಗು ಅಂದರೆ ಊಟ ಆದ ಮೇಲೆ ಬರುವ ಸಂತೃಪ್ತಿಯ ತೇಗಲ್ಲ. ಕೊಳೆತ ಮೊಟ್ಟೆಯ ವಾಸನೆ. ಮೂರು ತಲೆಮಾರಿನಿಂದ ಮೊಟ್ಟೆ ಹೊಸ್ತಿಲು ದಾಟದ ಮನೆ ನಮ್ಮದು. ನಮ್ಮತ್ತೆ ಎರಡು ದಿನ ಪಕ್ಕದ ಮನೆಯವರ ಮೇಲೆ ಅನುಮಾನ ಪಟ್ಟರು. ಮೂರನೇ ದಿನ ವಾಸನೆ ಎಲ್ಲಿಂದ ಬರುತ್ತಿದೆ ಅಂತ ಗೊತ್ತಾದ ಮೇಲೆ ದೇವರ ಕೋಣೆ ಬಾಗಿಲು ಹಾಕಿಕೊಂಡು ಕೂತರು. ನನಗೆ ನಗು, ಅವರಿಗೆ ಅಳು ಬರುವ ಹಾಗಿತ್ತು. ನ್ಯಾಷನಲ್ ಕಾಲೇಜು ಸ್ಟೇಷನ್ನಿನಲ್ಲಿ ಮೆಟ್ರೊ ಹತ್ತಿದರೆ ಪೀಣ್ಯದವರೆಗೆ ಬಾಯಿಗೆ ಕರವಸ್ತ್ರ. ಒಂದು ದಿನ ಹೊಟ್ಟೆ ತೊಳಸಿ, ಸ್ಯಾಂಡಲ್ ಸೋಪ್ ಫ್ಯಾಕ್ಟರಿ ಸ್ಟೇಷನ್ನಿನಲ್ಲಿ ಇಳಿದು ವಾಂತಿ ಮಾಡಿ, ಮುಂದಿನ ರೈಲು ಹತ್ತಿ ಆಫೀಸಿಗೆ ಹೋಗಿದ್ದಾರೆ. ಇದನ್ನು ನನಗೆ ಹೇಳಿದ್ದು ಎರಡು ತಿಂಗಳ ನಂತರ.

ಮನೆಯಲ್ಲಿ ಒಗ್ಗರಣೆ ಹಾಕಿದರೆ ಎದ್ದು ಟೆರೇಸಿಗೆ ಹೋಗುತ್ತಿದ್ದರು. ಇಂಗಿನ ವಾಸನೆ ಆಗಲ್ಲ, ಬೆಂದ ಬೇಳೆಯ ವಾಸನೆ ಆಗಲ್ಲ. ಸೋಮವಾರ ನಾನು ಕೊತ್ತಂಬರಿ ಬೀಜ, ಮೆಂತ್ಯ, ಮೆಣಸಿನಕಾಯಿ ಹುರಿಯುವ ದಿನ. ಆವತ್ತು ಬೆಳಗ್ಗೆ ಆರಕ್ಕೇ ಸ್ನಾನ ಮುಗಿಸಿ ತಿಂಡಿಯಿಲ್ಲದೆ ಹೊರಟುಬಿಡೋರು. ಇಪ್ಪತ್ತೇಳು ವರ್ಷ ‘ನಿನ್ನ ಹುಳಿಪುಡಿ ವಾಸನೆ ರಾಘವೇಂದ್ರ ಬ್ಲಾಕಿನವರೆಗೂ ಬರುತ್ತೆ ಕಣೇ’ ಅಂತ ಹೆಮ್ಮೆ ಪಡುತ್ತಿದ್ದ ಮನುಷ್ಯ. ನನಗೆ ಹೇಗಾಗಿರಬೇಕು ಹೇಳಿ. ಆ ಪುಡಿಯ ದುಡ್ಡಲ್ಲೇ ಮಗಳ ಇಂಜಿನಿಯರಿಂಗ್ ಫೀಸು ಕಟ್ಟಿದ್ದು.

ಬೇಜಾರಲ್ಲಿ ನಾನೊಂದು ತಪ್ಪು ಮಾಡಿದೆ. ದೀಪಾವಳಿಗೆ ಮುಂಚಿನ ಭಾನುವಾರ, ಪಾಪ ಇಷ್ಟು ಸೊರಗಿದ್ದಾರಲ್ಲ ಅಂತ ಬಿಸಿಬೇಳೆಬಾತ್ ಮಾಡಿದೆ. ಅವರಿಗೆ ಇಷ್ಟ ಅಂತ ಗೋಡಂಬಿ ಜಾಸ್ತಿ, ತುಪ್ಪ ಇನ್ನೂ ಜಾಸ್ತಿ. ಒಂದು ಸೌಟಿಗೇ ಸಾಕು ಅಂದರು. ‘ನನ್ನ ಕೈ ಊಟ ಈಗ ಸೇರಲ್ಲ ಅಲ್ವಾ’ ಅಂದುಬಿಟ್ಟೆ. ಮಾತಾಡದೆ ತಟ್ಟೆ ಚಾಚಿದರು. ಇನ್ನೆರಡು ಸೌಟು ಹಾಕಿದೆ. ತಿಂದರು. ಆ ರಾತ್ರಿ ಹನ್ನೊಂದರಿಂದ ಬೆಳಗಿನ ನಾಲ್ಕರ ತನಕ ಬಚ್ಚಲಲ್ಲೇ ಇದ್ದರು. ಮಧ್ಯಾಹ್ನ ತಿಂದದ್ದು ಹಾಗೆ ಹಾಗೇ ಆಚೆ ಬರುತ್ತಿತ್ತು, ಬಟಾಣಿ ಕೂಡ ಕರಗಿರಲಿಲ್ಲ.

ಯಾಕೆ ಹಾಗೆ ಅಂತ ನನಗೆ ತಿಳಿದದ್ದು ಆಮೇಲೆ. ಊಟ ಮಾಡಿದಾಗ ನಮ್ಮ ಕರುಳು ಜಿಎಲ್‌ಪಿ-1 ಅಂತ ಒಂದು ಹಾರ್ಮೋನು ಬಿಡುತ್ತದಂತೆ. ಹೊಟ್ಟೆಗೆ ‘ನಿಧಾನವಾಗಿ ಖಾಲಿಯಾಗು’ ಅಂತಲೂ, ತಲೆಗೆ ‘ಸಾಕು’ ಅಂತಲೂ ಹೇಳುವುದು ಅದರ ಕೆಲಸ. ನಮ್ಮ ಮೈಯದ್ದು ಕೆಲವೇ ನಿಮಿಷದಲ್ಲಿ ಕರಗಿಹೋಗುತ್ತದೆ. ಸೂಜಿಯಲ್ಲಿ ಇರುವುದು ಅದರ ಥರದ್ದೇ, ಆದರೆ ವಾರಪೂರ್ತಿ ಮೈಯಲ್ಲಿ ಕೂತಿರುತ್ತದೆ. ಎಣ್ಣೆ ತುಪ್ಪ ಮೊದಲೇ ಹೊಟ್ಟೆಯಿಂದ ನಿಧಾನ ಇಳಿಯುವ ಪದಾರ್ಥ. ಅದರ ಮೇಲೆ ಇದು. ಒಲೆ ಮೇಲೆ ಅನ್ನ ಇಟ್ಟು ಉರಿ ಸಣ್ಣಗೆ ಮಾಡಿ ಮರೆತ ಹಾಗೆ. ಇಷ್ಟನ್ನು ಯಾರಾದರೂ ಮೊದಲೇ ಹೇಳಿದ್ದರೆ ನಾನು ಆ ಎರಡು ಸೌಟು ಹಾಕುತ್ತಿರಲಿಲ್ಲ.

(ಮಗಳು ಇನ್ನೊಂದು ವಿಷಯ ಹೇಳಿದಳು. ಈ ಜಾತಿಯ ಔಷಧಿಗಳಲ್ಲಿ ಮೊದಲು ಬಂದದ್ದು ಅಮೆರಿಕದ ಗಿಲಾ ಮಾನ್‌ಸ್ಟರ್ ಅನ್ನೋ ವಿಷದ ಹಲ್ಲಿಯ ಜೊಲ್ಲಿನಲ್ಲಿ ಸಿಕ್ಕ ಒಂದು ಪದಾರ್ಥದ ಜಾಡು ಹಿಡಿದು ಮಾಡಿದ್ದಂತೆ. 2005ರಲ್ಲಿ ಅಲ್ಲಿ ಒಪ್ಪಿಗೆ ಸಿಕ್ಕಿತಂತೆ. ಈಗಿನವು ಹಲ್ಲಿಯದ್ದಲ್ಲ. ಆದರೂ ಹಲ್ಲಿ ಮೈಮೇಲೆ ಬಿದ್ದರೆ ಪಂಚಾಂಗ ತೆಗೆಯುವ ನಮ್ಮತ್ತೆಗೆ ಇದನ್ನು ನಾವಿನ್ನೂ ಹೇಳಿಲ್ಲ.)

ಇದೆಲ್ಲ ವಾಂತಿ, ವಾಸನೆಯ ಮಾತಾಯಿತು. ಹೆದರಿಕೆ ಆದದ್ದು ಕಡಲೆಕಾಯಿ ಪರಿಷೆಯ ದಿನ.

ಕಾರ್ತಿಕದ ಕೊನೇ ಸೋಮವಾರ. ಮದುವೆಯಾದಾಗಿನಿಂದ ಒಂದು ವರ್ಷವೂ ತಪ್ಪಿಸಿಲ್ಲ. ಆಫೀಸಿನಿಂದ ಬಂದವರು ಸುಸ್ತಾಗಿದ್ದರೂ ಹೊರಟರು. ರಾಮಕೃಷ್ಣಾಶ್ರಮದ ಕಡೆಯಿಂದ ಬುಲ್ ಟೆಂಪಲ್ ರಸ್ತೆಯ ಆ ಜನಸಾಗರದಲ್ಲಿ ನಡೆದು, ಬಸವಣ್ಣನಿಗೆ ಕೈಮುಗಿದು, ಅಭ್ಯಾಸಬಲಕ್ಕೆ ಎರಡು ಸೇರು ಕಡಲೆಕಾಯಿ ಕೊಂಡರು. ದಾರಿಯುದ್ದಕ್ಕೂ ಸುಲಿದು ಸುಲಿದು ನನ್ನ ಕೈಗೆ ಹಾಕಿದರು. ತಾವು ಒಂದು ಕಾಳು ಬಾಯಿಗೆ ಹಾಕಿಕೊಳ್ಳಲಿಲ್ಲ. ಮನೆಗೆ ಬಂದು ಎರಡು ಚಮಚ ಮೊಸರನ್ನ, ಮಾತ್ರೆ, ನಿದ್ದೆ.

ರಾತ್ರಿ ಎರಡು ಗಂಟೆಗೆ ಎಚ್ಚರವಾದಾಗ ದಿಂಬು ಒದ್ದೆಯಾಗಿತ್ತು. ಮೈಯೆಲ್ಲ ಬೆವರು, ಕೈ ನಡುಗುತ್ತಿತ್ತು. ಮಾತಾಡಿಸಿದರೆ ಕಾರ್ಖಾನೆಯ ಯಾವುದೋ ಬಿಲ್ಲಿನ ವಿಷಯ ಹೇಳುತ್ತಿದ್ದಾರೆ. ಮಗಳು ಮೆಷಿನ್ ತಂದು ಬೆರಳು ಚುಚ್ಚಿದಳು. 54. ವಯಸ್ಸೂ 54, ಶುಗರೂ 54 ಅಂತ ಈಗ ತಮಾಷೆ ಮಾಡುತ್ತೇವೆ. ಆಗ ನನ್ನ ಕೈಕಾಲು ತಣ್ಣಗಾಗಿತ್ತು. 70ಕ್ಕಿಂತ ಕೆಳಗೆ ಹೋದರೇ ಅಪಾಯ. ಪುಣ್ಯಕ್ಕೆ ನುಂಗುವಷ್ಟು ಎಚ್ಚರ ಇತ್ತು. ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸಿದೆವು. ಹದಿನೈದು ನಿಮಿಷ ಬಿಟ್ಟು ನೋಡಿದರೆ 81. ಆಮೇಲೆ ಎರಡು ಬಿಸ್ಕತ್ತು, ಅರ್ಧ ಲೋಟ ಹಾಲು. ಬೆಳಗಾಗುವ ತನಕ ನಾನು ಮಲಗಲಿಲ್ಲ.

ಮಾರನೇ ದಿನ ನಾನೂ ಡಾಕ್ಟರ ಹತ್ತಿರ ಹೋದೆ. ಯಜಮಾನರು ‘ನೀನ್ಯಾಕೆ’ ಅಂದರು. ‘ಸುಮ್ನೆ ನಡೀರಿ’ ಅಂದೆ.

ಡಾಕ್ಟರು ಒಳ್ಳೆಯವರು. ಸಿಟ್ಟಿನಲ್ಲಿ ಹೋಗಿದ್ದವಳು ಅವರ ಮಾತು ಕೇಳಿ ಸುಮ್ಮನಾದೆ. ಸೂಜಿ ತಾನಾಗಿ ಶುಗರನ್ನು ಇಷ್ಟು ಕೆಳಗೆ ಎಳೆಯುವುದು ಅಪರೂಪವಂತೆ. ಶುಗರ್ ಏರಿದಾಗ ಮಾತ್ರ ಅದು ಇನ್ಸುಲಿನ್ನಿಗೆ ಒತ್ತು ಕೊಡುತ್ತದೆ. ಆದರೆ ಇವರು ಹಿಂದಿನಿಂದ ತೆಗೆದುಕೊಳ್ಳುತ್ತಿದ್ದ ಗ್ಲಿಮೆಪಿರೈಡ್ ಮಾತ್ರೆಗೆ ನೀವು ಊಟ ಮಾಡಿದ್ದೀರೋ ಇಲ್ಲವೋ ಅನ್ನೋ ಲೆಕ್ಕ ಇಲ್ಲ. ಅದು ಇನ್ಸುಲಿನ್ ಹೊರಡಿಸಿಯೇ ಹೊರಡಿಸುತ್ತದೆ. ಎರಡು ಚಮಚ ಅನ್ನ, ಅಷ್ಟು ದೂರದ ನಡಿಗೆ, ಮೇಲೆ ಪೂರ್ತಿ ಮಾತ್ರೆ. ‘ಆ ಮಾತ್ರೆ ಅರ್ಧ ಮಾಡಿ ಅಂತ ಮೊದಲ ದಿನವೇ ಹೇಳಿದ್ದೆನಲ್ಲ’ ಅಂದರು ಡಾಕ್ಟರು. ಚೀಟಿ ತೆಗೆದು ನೋಡಿದರೆ ಬರೆದೂ ಇದ್ದರು. ನಮ್ಮವರು ನೆಲ ನೋಡುತ್ತಿದ್ದರು.

ನನ್ನ ತಕರಾರು ಇರುವುದು ಇಲ್ಲೇ. ಡಾಕ್ಟರು ಹೇಳಿದ್ದರು. ಇವರು ಕೇಳಿಸಿಕೊಂಡಿದ್ದರು. ಮನೆಗೆ ಬರುವಷ್ಟರಲ್ಲಿ ಅದು ‘ಸೊಳ್ಳೆ ಕಚ್ಚಿದ ಹಾಗೆ’ ಆಗಿಹೋಗಿತ್ತು. ನಮ್ಮ ಮನೆಯಲ್ಲಿ ಮಾತ್ರೆ ಡಬ್ಬಿ ತುಂಬುವವಳು ನಾನು. ವಾರಕ್ಕೊಮ್ಮೆ ಏಳು ಖಾನೆಗೆ ಹಂಚಿಡುವವಳು ನಾನು. ನನಗೆ ಒಂದು ಮಾತು ಗೊತ್ತಿದ್ದರೆ ಆ ಮಾತ್ರೆ ಅರ್ಧ ಆಗಿರುತ್ತಿತ್ತು. ಒಂಬತ್ತು ವರ್ಷದಲ್ಲಿ ಯಾವ ಡಾಕ್ಟರೂ ‘ಮನೇಲಿ ಅಡುಗೆ ಯಾರು ಮಾಡ್ತಾರೆ, ಅವರನ್ನೂ ಒಂದು ಸಲ ಕರ್ಕೊಂಡು ಬನ್ನಿ’ ಅಂದಿಲ್ಲ.

ಆವತ್ತು ಅವರು ನನಗೆ ಕೊಟ್ಟದ್ದು ಹತ್ತು ನಿಮಿಷ. ಗ್ಲಿಮೆಪಿರೈಡ್ ನಿಲ್ಲಿಸಿದರು. ಮೇಲಿನ ಮೆಟ್ಟಿಲಿಗೆ ಹೋಗುವುದು ಬೇಡ, ಇದೇ ಪ್ರಮಾಣದಲ್ಲಿ ಇನ್ನೊಂದಷ್ಟು ವಾರ ಇರಲಿ ಅಂದರು. ಏರಲೇಬೇಕು ಅಂತ ಹಟ ಏನಿಲ್ಲವಂತೆ. ಮತ್ತೆ ಮೂರು ಸಂಗತಿ ಹೇಳಿ ಇವಕ್ಕೆ ಕಾಯಬೇಡಿ, ನೇರ ಆಸ್ಪತ್ರೆಗೆ ಬನ್ನಿ ಅಂದರು. ಹೊಟ್ಟೆಯ ಮೇಲ್ಭಾಗದಲ್ಲಿ ಶುರುವಾಗಿ ಬೆನ್ನಿಗೆ ಹರಿಯುವ ಬಿಡದ ನೋವು ಬಂದರೆ ಮೇದೋಜೀರಕದ ಉರಿಯೂತ ಇರಬಹುದು. ಬಲಪಕ್ಕೆಯಡಿ ನೋವು, ಜ್ವರ ಅಥವಾ ಕಣ್ಣು ಹಳದಿ ಆದರೆ ಪಿತ್ತಕೋಶದ ಕಲ್ಲು ಇರಬಹುದು. ಇಡೀ ದಿನ ನೀರೂ ಹೊಟ್ಟೆಯಲ್ಲಿ ನಿಲ್ಲದಿದ್ದರೆ ಕಿಡ್ನಿಗೆ ಪೆಟ್ಟು. ಇದನ್ನು ಸ್ಕೆಚ್ ಪೆನ್ನಿನಲ್ಲಿ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿದ್ದೇನೆ. ಬಂದವರೆಲ್ಲ ಓದುತ್ತಾರೆ. ಓದಲಿ.

ಸೂಜಿಯ ದಿನವನ್ನೂ ಬದಲಿಸಿದೆವು. ಶನಿವಾರ ರಾತ್ರಿ ಹಾಕಿಕೊಳ್ಳುತ್ತಿದ್ದರಿಂದ ಭಾನುವಾರ, ಸೋಮವಾರ ಹೊಟ್ಟೆ ತೊಳಸುತ್ತಿತ್ತು, ಅಂದರೆ ಸರಿಯಾಗಿ ನಾನು ಹುರಿಯುವ ಹೊತ್ತಿಗೆ. ಈಗ ಶುಕ್ರವಾರ ರಾತ್ರಿ. ಕೆಟ್ಟ ಎರಡು ದಿನ ಮನೆಯಲ್ಲೇ ಕಳೆಯುತ್ತದೆ, ಮೆಟ್ರೊ ಗೋಜಿಲ್ಲ. ನನ್ನ ಹುರಿಯುವ ಕೆಲಸ ಬುಧವಾರಕ್ಕೆ ಹೋಯಿತು. ಒಂದು ಅಂಗಡಿಯವರು ಗೊಣಗಿದರು, ಉಳಿದವರಿಗೆ ಗೊತ್ತೇ ಆಗಲಿಲ್ಲ. ದಿನ ಬದಲಿಸುವಾಗ ಎರಡು ಸೂಜಿಯ ನಡುವೆ ಇಷ್ಟು ಅಂತರ ಇರಬೇಕು ಅಂತ ಲೆಕ್ಕ ಇದೆ, ಸುಮ್ನೆ ನಿಮ್ಮಷ್ಟಕ್ಕೆ ನೀವೇ ಮಾಡಿಕೊಳ್ಳಬೇಡಿ.

ಅಡುಗೆ ಪೂರ್ತಿ ಬದಲಾಯಿತು. ಮೂರು ಲೋಟ ಅಕ್ಕಿ ಇಡುತ್ತಿದ್ದ ಕುಕ್ಕರಿಗೆ ಈಗ ಒಂದೂವರೆ. ದೊಡ್ಡ ತಟ್ಟೆ ಮೇಲೆ ಹೋಯಿತು, ಮಗಳು ಚಿಕ್ಕವಳಿದ್ದಾಗಿನ ಸ್ಟೀಲ್ ತಟ್ಟೆ ಕೆಳಗೆ ಬಂತು. ಮೊದಲು ಹೆಸರುಬೇಳೆ ಕೋಸಂಬರಿ ಅಥವಾ ಕಾಳಿನ ಉಸಲಿ, ಆಮೇಲೆ ಜಾಗ ಉಳಿದರೆ ಅನ್ನ. ತೂಕ ಇಳಿಯುವಾಗ ಬರೀ ಕೊಬ್ಬು ಇಳಿಯುವುದಿಲ್ಲ, ತೊಡೆ ತೋಳಿನ ಮಾಂಸವೂ ಕರಗುತ್ತದೆ. ಅದಕ್ಕೆ ಪ್ರೋಟೀನ್ ಮೊದಲು ಅಂತ ಡಾಕ್ಟರ ಮಾತು. ನೂರು ಗ್ರಾಂ ಹೆಸರುಬೇಳೆಯಲ್ಲಿ ಸುಮಾರು 24 ಗ್ರಾಂ ಇರುತ್ತದೆ, ಆದರೆ ಅಷ್ಟು ಇವರು ಒಂದು ಹೊತ್ತಿಗೆ ತಿನ್ನಲಾರರು. ಹಾಗಾಗಿ ನಾಲ್ಕು ಸಲ ನಾಲ್ಕು ನಾಲ್ಕು ಚಮಚ. ಸಂಜೆ ಎರಡು ನೀರಿನ ಬಾಟಲಿಗಳನ್ನು ಡಂಬೆಲ್ಲಿನ ಹಾಗೆ ಎತ್ತಿ ಇಳಿಸುತ್ತಾರೆ. ನೋಡಿದರೆ ನಗು ಬರುತ್ತದೆ, ನಗುವುದಿಲ್ಲ.

ಮಲಬದ್ಧತೆಯ ಮಾತು ಪತ್ರಿಕೆಯಲ್ಲಿ ಬೇಡ ಅನ್ನಬಹುದು. ಆರು ದಿನ ಹೊರಗೆ ಹೋಗದ ಗಂಡನ ಮುಖ ನೋಡಿದವರಿಗೆ ಅದು ಸಣ್ಣ ಮಾತಲ್ಲ. ಹಸಿವಿನ ಜೊತೆ ಬಾಯಾರಿಕೆಯೂ ಕಡಿಮೆಯಾಗಿ ನೀರು ಕುಡಿಯುವುದನ್ನೇ ಮರೆಯುತ್ತಿದ್ದರು. ಈಗ ಗಂಟೆಗೊಂದು ಲೋಟ, ಸೀಬೆಹಣ್ಣು, ರಾತ್ರಿ ಇಸಬ್‌ಗೋಲ್. ನೀರು ಕುಡಿಯದೆ ಬರೀ ಇಸಬ್‌ಗೋಲ್ ಕೊಟ್ಟರೆ ಇನ್ನೂ ಗಟ್ಟಿಯಾಗುತ್ತದೆ, ಅದನ್ನೂ ಅನುಭವದಿಂದಲೇ ಕಲಿತೆವು.

ಜನರ ಬಾಯಿ ಇನ್ನೊಂದು ಕಥೆ. ಕೆನ್ನೆ ಒಳಗೆ ಹೋಗಿ, ಅಂಗಿ ಜೋತುಬಿದ್ದು, ಇದ್ದ ನಾಲ್ಕು ಕೂದಲೂ ಉದುರತೊಡಗಿದಾಗ, ಗಾಂಧಿಬಜಾರಿನಲ್ಲಿ ಸಿಕ್ಕವರೆಲ್ಲ ನನ್ನನ್ನು ಪಕ್ಕಕ್ಕೆ ಕರೆದು ‘ಏನಾದ್ರೂ ದೊಡ್ಡ ಕಾಯಿಲೆನಾ’ ಅಂತ ಕೇಳುತ್ತಿದ್ದರು. ನಾದಿನಿ ಫೋನ್ ಮಾಡಿ ‘ಅಣ್ಣನಿಗೆ ಊಟ ಹಾಕ್ತಿದೀಯಾ ಇಲ್ವಾ’ ಅಂದಳು. ಕನ್ನಡದವರು ಎದುರು ಸಿಕ್ಕರೆ ಮೊದಲು ಕೇಳುವುದೇ ‘ಊಟ ಆಯ್ತಾ’ ಅಂತ. ನಮ್ಮವರು ಆ ಪ್ರಶ್ನೆಗೆ ಹೆದರುವ ಹಾಗಾಗಿತ್ತು. ನನಗೂ ಮಾತಿಗೆ ವಿಷಯವೇ ಇಲ್ಲದ ಹಾಗಾಯಿತು. ಇಷ್ಟು ವರ್ಷ ನಾವಿಬ್ಬರೂ ಮಾತಾಡಿಕೊಂಡದ್ದರಲ್ಲಿ ಮುಕ್ಕಾಲು ಪಾಲು ಊಟದ ವಿಷಯ ಅಂತ ಗೊತ್ತಾದದ್ದು ಆಗಲೇ. ನಾಳೆ ಏನು ತಿಂಡಿ, ಸೊಗಡಿನ ಅವರೆಕಾಯಿ ಬಂದಿದೆಯಾ, ಈ ಸಲದ ಹುಣಸೆಹಣ್ಣು ಹುಳಿಯೇ ಇಲ್ಲ ಅಲ್ವಾ. ಅದು ಹೋದ ಮೇಲೆ ಸಂಜೆ ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೂರುತ್ತಿದ್ದೆವು. ಈಗ ಸಂಜೆ ಲಾಲ್‌ಬಾಗಿಗೆ ಹೋಗುತ್ತೇವೆ. ಮರಗಳ ಹೆಸರು ಓದಿ ಹೇಳುತ್ತಾರೆ. ಬೇರೆ ಏನೂ ತೋಚದೆ ಶುರುವಾದದ್ದು, ಪರವಾಗಿಲ್ಲ ಅನಿಸುತ್ತಿದೆ.

ಇಷ್ಟೆಲ್ಲ ಹೇಳಿದ ಮೇಲೆ ಔಷಧಿ ಕೆಟ್ಟದ್ದು ಅಂತ ಯಾರೂ ತಿಳಿಯಬಾರದು. ತೂಕ 83ಕ್ಕೆ ಬಂದಿದೆ. ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ 8.6 ಇದ್ದದ್ದು 6.7 ಆಗಿದೆ. ಗೊರಕೆ ನಿಂತಿದೆ, ಈ ಒಂದಕ್ಕಾಗಿ ನಾನು ಆ ಹಲ್ಲಿಗೂ ಕೈಮುಗಿಯುತ್ತೇನೆ. ‘ಹನ್ನೊಂದು ಗಂಟೆಗೆ ಕಾಲು ತಾನಾಗಿ ಬೇಕರಿ ಕಡೆ ಹೋಗ್ತಿತ್ತು ಕಣೇ, ಈಗ ಹೋಗಲ್ಲ’ ಅಂತ ಅವರೇ ಆಶ್ಚರ್ಯಪಡುತ್ತಾರೆ. ನಿಲ್ಲಿಸಿದರೆ ಇಳಿದ ತೂಕ ಬಹಳಷ್ಟು ವಾಪಸ್ ಬರುತ್ತದೆ ಅಂತಾರೆ. ಹಾಗಾಗಿ ಇದು ವರ್ಷಗಟ್ಟಲೆಯ ಮಾತು.

ಈಗ ಬರೆಯಲು ಕಾರಣ ಇದೆ. ಮಾರ್ಚ್ 2026ಕ್ಕೆ ಸೆಮಾಗ್ಲುಟೈಡಿನ ಪೇಟೆಂಟ್ ನಮ್ಮ ದೇಶದಲ್ಲಿ ಮುಗಿದಿದೆ, ಅಂದರೆ ಬೇರೆ ಕಂಪನಿಯವರೂ ಮಾಡಿ ಕಡಿಮೆ ಬೆಲೆಗೆ ಮಾರಬಹುದು. ಸಾವಿರಾರು ರೂಪಾಯಿ ಕೊಡಲಾಗದೆ ಸುಮ್ಮನಿದ್ದವರೂ ಇನ್ನು ಕೇಳಿಕೊಂಡು ಹೋಗುತ್ತಾರೆ. ಒಳ್ಳೆಯದೇ. ನಮ್ಮ ಬೀದಿಯಲ್ಲೇ ಒಂದು ಹುಡುಗಿ ಮದುವೆಗೆ ಮುಂಚೆ ಎಂಟು ಕಿಲೋ ಇಳಿಸಬೇಕು ಅಂತ, ಡಾಕ್ಟರ ಚೀಟಿ ಇಲ್ಲದೆ ಯಾರ ಮೂಲಕವೋ ತರಿಸಿಕೊಂಡಿದ್ದಾಳೆ. ಅವಳ ಅಮ್ಮ ನನ್ನ ಹತ್ತಿರ ಬಂದು ‘ಇದನ್ನ ಫ್ರೀಜರಲ್ಲಿ ಇಡಬೇಕಾ’ ಅಂತ ಕೇಳಿದರು. ಫ್ರೀಜರಿನಲ್ಲಿ ಇಟ್ಟು ಗಟ್ಟಿಯಾದರೆ ಅದನ್ನು ಎಸೆಯಬೇಕು. ಎರಡರಿಂದ ಎಂಟು ಡಿಗ್ರಿ, ಹಾಲು ಮೊಸರು ಇಡುವ ಕಡೆ. ಒಬ್ಬ ಪುಡಿ ಮಾಡುವವಳನ್ನು ಕೇಳಿ ತಿಳಿದುಕೊಳ್ಳಬೇಕಾದ ಪರಿಸ್ಥಿತಿ ನೋಡಿ.

ಔಷಧಿಯ ಡಬ್ಬಿಯೊಳಗೆ ಒಂದು ಕಾಗದ ಇರುತ್ತದೆ. ಬಿಡಿಸಿದರೆ ಟವೆಲಿನಷ್ಟು ಅಗಲ, ಅಕ್ಷರ ಸಾಸಿವೆಗಿಂತ ಸಣ್ಣ. ನಮಗೆ ಸಿಕ್ಕ ಡಬ್ಬಿಯಲ್ಲಿ ಅದು ಪೂರ್ತಿ ಇಂಗ್ಲಿಷ್. ನಾನು ಕನ್ನಡ ಮೀಡಿಯಂನಲ್ಲಿ ಎಸ್ಸೆಸ್ಸೆಲ್ಸಿ ತನಕ ಓದಿದವಳು. ನನಗೆ ಬೇಕಾದದ್ದು ಒಂದೇ ಪುಟ, ಕನ್ನಡದಲ್ಲಿ, ದಪ್ಪಕ್ಷರದಲ್ಲಿ. ಏನು ಬಡಿಸಬೇಕು, ಏನು ಬಡಿಸಬಾರದು, ಶುಗರ್ ಬಿದ್ದರೆ ಏನು ಮಾಡಬೇಕು, ಹಳೇ ಮಾತ್ರೆಗಳಲ್ಲಿ ಯಾವುದರ ಬಗ್ಗೆ ಡಾಕ್ಟರನ್ನು ಕೇಳಬೇಕು, ಯಾವ ನೋವಿಗೆ ರಾತ್ರೋರಾತ್ರಿ ಆಟೊ ಹಿಡಿಯಬೇಕು. ಆಸ್ಪತ್ರೆಯವರು ಅಚ್ಚು ಹಾಕಿಸಲಿ, ಕಂಪನಿಯವರು ಹಾಕಿಸಲಿ, ಆರೋಗ್ಯ ಇಲಾಖೆಯವರು ಹಾಕಿಸಲಿ. ಚೀಟಿ ಬರೆಯುವ ದಿನ ಅಡುಗೆ ಮಾಡುವವರನ್ನೂ ಒಳಗೆ ಕರೆದು ಕೂರಿಸಲಿ. ಅದು ಹೆಂಡತಿಯೇ ಆಗಬೇಕಿಲ್ಲ, ಗಂಡನೋ ಮಗನೋ ಅಡುಗೆಯವರೋ ಆಗಬಹುದು. ನನಗೆ ಕೊಟ್ಟ ಹಾಗೆ ಹತ್ತು ನಿಮಿಷ ಕೊಟ್ಟರೆ ಸಾಕು.

ಯುಗಾದಿಗೆ ಹೋಳಿಗೆ ಮಾಡಿದ್ದೆ. ತುಪ್ಪ ಬೇಡ ಅಂದರು, ನಾನೂ ಒತ್ತಾಯ ಮಾಡಲಿಲ್ಲ. ಕಾಲು ಭಾಗ ತಿಂದು, ಹೂರಣ ಹದವಾಗಿದೆ ಅಂದರು. ಉಳಿದದ್ದನ್ನು ನಾನು ತಿಂದೆ. ಹೀಗೇ ಅವರು ಬಿಟ್ಟದ್ದನ್ನೆಲ್ಲ ತಿಂದು ನನ್ನ ತೂಕ ನಾಲ್ಕು ಕಿಲೋ ಏರಿದೆ, ಅದು ಬೇರೆ ವಿಷಯ.

ದಯವಿಟ್ಟು ನನ್ನ ಹೆಸರು ಹಾಕಬೇಡಿ. ನಾಲ್ಕೂ ಅಂಗಡಿಯವರು ನಿಮ್ಮ ಪತ್ರಿಕೆಯನ್ನೇ ತರಿಸುತ್ತಾರೆ. ನನ್ನ ಹುಳಿಪುಡಿ ವಾಸನೆಗೆ ಸ್ವಂತ ಗಂಡನೇ ಎದ್ದು ಟೆರೇಸಿಗೆ ಓಡುತ್ತಿದ್ದರು ಅಂತ ಗೊತ್ತಾದರೆ ನನ್ನ ವ್ಯಾಪಾರದ ಕಥೆ ಅಷ್ಟೇ.

ಇತಿ,
ನಿಮ್ಮ ಓದುಗಳು
ಹನುಮಂತನಗರ, ಬೆಂಗಳೂರು